ಬೇವು ಕಟ್ಟಿದ ಬಾಗಿಲು

ಹುಚ್ಚಣ್ಣ ನನ್ನ ಅಂಗಡಿಗೆ ಮೊದಲ ಸಲ ಬಂದದ್ದು ನಲವತ್ತೆಂಟನೆಯ ಇಸವಿಯ ಮಳೆಗಾಲದಲ್ಲಿ. ಬೆನ್ನಿಗೆ ಹಿತ್ತಾಳೆಯದೊಂದು ಔಷಧಿ ಪಂಪು ಕಟ್ಟಿಕೊಂಡಿದ್ದ. ಯಾವುದೋ ಬಂಗಲೆಯವರು ತೋಟದ ಸಾಮಾನು ಹರಾಜು ಹಾಕಿದಾಗ, ಎಲ್ಲರೂ ಗುದ್ದಲಿ ಸನಿಕೆಗೆ ಮುಗಿಬಿದ್ದರೆ ಇವನು ಯಾರಿಗೂ ಬೇಡವಾದ ಇದನ್ನು ಹಿಡಿದುಕೊಂಡು ಬಂದಿದ್ದನಂತೆ. ತಾನೂ ಅದೇ ತೋಟದಲ್ಲಿ ಹದಿನಾಲ್ಕು ವರ್ಷ ದುಡಿದಿದ್ದವನು.

ದೇವರಾಜ ಮೊಹಲ್ಲಾದಲ್ಲಿ ಬೀಜ, ಗೊಬ್ಬರ, ಹುಳದ ಔಷಧಿ ಮಾರುವ ಅಂಗಡಿ ನನ್ನದು. ಅಂಗಡಿಗೆ ಬರುವ ತೋಟದವರ ಮೇಲೆ ನನಗೊಂದು ಹಳೆಯ ಸಿಟ್ಟಿದೆ. ಬಂದವರೇ "ಹುಳಕ್ಕೆ ಔಷಧಿ ಕೊಡಿ" ಅನ್ನುತ್ತಾರೆ. ಯಾವ ಹುಳ, ಏನು ಮಾಡಿದೆ ಎಂದು ಕೇಳಿದರೆ "ಹುಳ ಅಂದ್ರೆ ಹುಳ" ಎಂದು ನನ್ನನ್ನೇ ಪೆದ್ದನನ್ನು ನೋಡುವಂತೆ ನೋಡುತ್ತಾರೆ. ಡಾಕ್ಟರ ಹತ್ತಿರ ಹೋಗಿ "ಕಾಯಿಲೆಗೆ ಔಷಧಿ ಕೊಡಿ" ಅಂದ ಹಾಗೆ. ಹುಚ್ಚಣ್ಣ ಹಾಗೆ ಕೇಳಲಿಲ್ಲ. ಪಂಚೆಯ ಅಂಚಿನಿಂದ ಎರಡು ಎಲೆ ತೆಗೆದು ನನ್ನ ಮೇಜಿನ ಮೇಲೆ ಹರಡಿದ. ಒಂದು ಎಲೆಕೋಸಿನದು, ಜರಡಿಯ ಹಾಗೆ ತೂತು ಬಿದ್ದಿತ್ತು. ಇನ್ನೊಂದು ಹುರುಳಿಕಾಯಿ ಗಿಡದ್ದು, ತೂತೇ ಇಲ್ಲ, ಆದರೆ ಮುದುರಿಕೊಂಡು ಅಂಟಂಟಾಗಿತ್ತು.

"ಇದು ಅಲ್ಲಿರೋರ ಕೆಲ್ಸ, ಇದು ಅಲ್ಲಿಲ್ದೋರ ಕೆಲ್ಸ," ಎಂದ. "ಇಬ್ರಿಗೂ ಬೇರೆ ಬೇರೆ ಕೊಡಿ ಅಯ್ನೋರೆ."

ನನಗೆ ಖುಷಿಯಾಯಿತು. ಹೆಸರು ಕೇಳಿದೆ. ಹುಚ್ಚಣ್ಣ ಎಂದ. "ಹೆಸರಿಟ್ಟೋರು ಅವಸರಪಟ್ಟರು ಕಣಯ್ಯ," ಎಂದು ಕಾಫಿ ತರಿಸಿದೆ.

ಅವನ ನಾಲಿಗೆಯಲ್ಲಿ ಹಲ್ಲು 'ಅಲ್ಲು' ಆಗಿತ್ತು. ಹಲ್ಲಿರುವವು ಎಂದರೆ ಎಲೆಯನ್ನು ಅಗಿದು ತಿನ್ನುವ ಹಸಿರು ಹುಳಗಳು. ಅವಕ್ಕೆ ಊಟದಲ್ಲೇ ವಿಷ ಇಡಬೇಕು. ಆಗ ನಾವು ಮಾರುತ್ತಿದ್ದದ್ದು ಸೀಸ ಬೆರೆತ ಪಾಷಾಣದ ಬಿಳಿ ಪುಡಿ. ನೀರಿನಲ್ಲಿ ಕಲಸಿ ಎಲೆಯ ಮೇಲೆ ಹೊಡೆದರೆ ತೆಳ್ಳಗೆ ಸುಣ್ಣ ಬಳಿದ ಹಾಗೆ ಅಂಟಿಕೊಳ್ಳುತ್ತಿತ್ತು, ಎಲೆ ತಿಂದ ಹುಳ ಸಾಯುತ್ತಿತ್ತು. ಹಲ್ಲಿಲ್ಲದವು ಎಂದರೆ ಹೇನಿನಂಥ ಸಣ್ಣ ಜೀವಗಳು. ಅವು ಸೂಜಿಯಂಥ ಮೂತಿಯನ್ನು ಎಲೆಯೊಳಕ್ಕೆ ಚುಚ್ಚಿ ರಸ ಹೀರುತ್ತವೆ. ಮೇಲೆ ಬಳಿದ ಪಾಷಾಣ ಅವುಗಳ ಬಾಯಿಗೆ ಹೋಗುವುದೇ ಇಲ್ಲ. ಅವುಗಳ ಮೈಗೇ ತಾಗುವಂತೆ ಹೊಗೆಸೊಪ್ಪಿನ ಸಾರವನ್ನು ಸೋಪಿನ ನೀರಿನಲ್ಲಿ ಬೆರೆಸಿ, ಎಲೆಯ ಅಡಿಯಿಂದ ಹೊಡೆಯಬೇಕು. ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಹುಚ್ಚಣ್ಣನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಕುಕ್ಕರುಗಾಲಿನಲ್ಲಿ ಕೂತು ನೋಡಿ ಕಲಿತಿದ್ದ.

ಯಾದವಗಿರಿಯ ಸುಂದರೇಶರಿಗೆ ಇದನ್ನು ಯಾರೂ ಕಲಿಸಲು ಸಾಧ್ಯವಿರಲಿಲ್ಲ. ಅವರು ನಿವೃತ್ತ ಎಂಜಿನಿಯರು, ಬಂಗಲೆಯ ಹಿಂದೆ ಕೈತೋಟ ಮಾಡಿದ್ದರು. ಅವರ ಹುರುಳಿಕಾಯಿಗೆ ಹೇನು ಹತ್ತಿದಾಗ ಹುಚ್ಚಣ್ಣನನ್ನು ಕರೆಸಿ, ಬಿಳಿ ಪುಡಿಯನ್ನೇ ಹೊಡೆ ಎಂದರು. ಅವನು ಒಲ್ಲೆ ಎಂದ. ಅವರು ನನ್ನ ಅಂಗಡಿಗೆ ಬಂದು ಎರಡು ಡಬ್ಬಿ ಪಾಷಾಣ ಕೊಂಡು, ತಾವೇ ನಿಂತು ಮಾಲಿಯ ಕೈಲಿ ಬಳಿಸಿದರು. ಹದಿನೈದು ದಿನಕ್ಕೆ ಹೇನುಗಳಿಗೆ ಮೊಮ್ಮಕ್ಕಳಾದವು. ಹುಚ್ಚಣ್ಣ ನನ್ನ ಹತ್ತಿರ ಬಂದು, "ನೀವಾದ್ರೂ ಬ್ಯಾಡ ಅನ್ಬಾರ್ದಿತ್ತಾ ಅಯ್ನೋರೆ?" ಎಂದ. ಮಾರುವವನು ಬೇಡ ಎನ್ನುತ್ತಾ ಕೂತರೆ ಅಂಗಡಿಗೆ ಬೀಗ ಹಾಕಬೇಕಾಗುತ್ತದೆ ಎಂದು ನಕ್ಕುಬಿಟ್ಟೆ. ಅವನು ನಗಲಿಲ್ಲ.

ಪಾಷಾಣದಲ್ಲಿ ಇನ್ನೊಂದು ತೊಡಕಿತ್ತು. ಹುಳ ತಿಂದರೆ ಹುಳ ಸಾಯುತ್ತದೆ, ಮನುಷ್ಯ ತಿಂದರೆ ಮನುಷ್ಯ. ಹೊಡೆದ ಮೇಲೆ ಎರಡು ವಾರ ಆ ತರಕಾರಿಯನ್ನು ಕೊಯ್ಯಬಾರದು. ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು, ಇಂಗ್ಲಿಷ್ ಓದುವವರು ಯಾರೂ ಕೋಸು ಬೆಳೆಯುತ್ತಿರಲಿಲ್ಲ. ಕನ್ನಡದಲ್ಲಿ ಬೋರ್ಡು ಬರೆಸಿ ನೇತುಹಾಕು ಎಂದು ನಾನು ಹುಚ್ಚಣ್ಣನಿಗೆ ಹೇಳಿದ್ದೆ. "ಓದೋರು ಯಾರು? ನಾನೇ ಓದಾಕಿಲ್ಲ," ಎಂದ. ಅವನು ಕಂಡುಕೊಂಡ ಉಪಾಯ ಬೇರೆ. ಮನೆಯಲ್ಲಿ ಯಾರಿಗಾದರೂ ಸಿಡುಬು ಎದ್ದರೆ, ಅಮ್ಮ ಬಂದಿದ್ದಾಳೆ ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ. ಆ ಮನೆಗೆ ಹೊರಗಿನವರು ಕಾಲಿಡುವುದಿಲ್ಲ. ಇದು ಮೈಸೂರಿನಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಹುಚ್ಚಣ್ಣ ಪಾಷಾಣ ಹೊಡೆದ ತೋಟದ ಬೇಲಿ ಬಾಗಿಲಿಗೆ ಬೇವಿನ ಕಟ್ಟು ಕಟ್ಟತೊಡಗಿದ. ಒಣಗಿದರೆ ಹೊಸದು ಕಟ್ಟುತ್ತಿದ್ದ. ಒಂದೇ ಕಟ್ಟಳೆ: ಕಟ್ಟಿದವನೇ ಬಂದು ಬಿಚ್ಚಬೇಕು, ಅಲ್ಲಿಯ ತನಕ ಒಂದು ಸೊಪ್ಪಿನ ದಂಟೂ ಕೀಳಬಾರದು. ಐದು ವರ್ಷ ಈ ಕಟ್ಟಳೆಯನ್ನು ಯಾರೂ ಮುರಿಯಲಿಲ್ಲ. ನನ್ನ ಬೋರ್ಡಿನ ಸಲಹೆಯನ್ನು ನಾನು ಮತ್ತೆ ಎತ್ತಲಿಲ್ಲ.

ಐವತ್ತಮೂರನೆಯ ಇಸವಿಯ ಯುಗಾದಿಗೆ ನಾಲ್ಕೈದು ದಿನ ಮೊದಲು ನಜರ್‌ಬಾದಿನ ಹಿಂದಿನ ಮಂಗಳಮ್ಮನ ಕೋಸಿನ ತೋಟಕ್ಕೆ ಹುಳ ಬಿತ್ತು. ಮಂಗಳಮ್ಮ ತಾನೇ ಬೆಳೆದು ತಾನೇ ಮಾರುಕಟ್ಟೆಯಲ್ಲಿ ಕೂತು ಮಾರುವ ಹೆಂಗಸು. ಹಬ್ಬದ ವ್ಯಾಪಾರ ಹೋಗುತ್ತದಲ್ಲ ಎಂದು ಬಹಳ ಗೋಳಾಡಿದಳಂತೆ. ಹುಚ್ಚಣ್ಣ ಪುಡಿ ಹೊಡೆದು, ಬೇವು ಕಟ್ಟಿ ಬಂದ.

ಹಬ್ಬದ ಹಿಂದಿನ ದಿನ, ಹತ್ತು ಗಂಟೆಯ ಹೊತ್ತಿಗೆ, ಅವನು ಅಂಗಡಿಯೊಳಕ್ಕೆ ಓಡಿ ಬಂದ. ಪಂಪು ಇರಲಿಲ್ಲ, ತಲೆಗೆ ಟವೆಲೂ ಇರಲಿಲ್ಲ. ಹುಳ ಸತ್ತಿವೆಯೇ ಎಂದು ನೋಡಲು ತೋಟಕ್ಕೆ ಹೋಗಿದ್ದನಂತೆ. ಬಾಗಿಲಲ್ಲಿ ಬೇವಿಲ್ಲ. ಒಳಗೆ ಒಂಬತ್ತು ಬೊಡ್ಡೆ ನಿಂತಿವೆ, ತಲೆಯಿಲ್ಲ.

"ಒಂಬತ್ ಕೋಸು ಮಾರ್ಕೆಟ್ಟಿಗೆ ಬಂದ್ಬುಟ್ಟವೆ ಅಯ್ನೋರೆ. ಬನ್ನಿ, ನಾನೊಬ್ನೇ ಏಳಿದ್ರೆ ಯಾರೂ ಕೇಳಾಕಿಲ್ಲ."

ನಾನು ಎದ್ದೆ. ಜನ ಸಾಯುತ್ತಾರೆ ಎಂಬ ಭಯಕ್ಕೆ ಎದ್ದೆ ಎಂದು ಬರೆಯಬಹುದಿತ್ತು. ಪುಡಿ ಮಾರಿದ ಅಂಗಡಿ ಯಾವುದು ಎಂದು ಪೊಲೀಸರು ಕೇಳುತ್ತಾರೆ ಎಂಬ ಭಯವೇ ಮೊದಲು ಬಂದದ್ದು.

ದೇವರಾಜ ಮಾರುಕಟ್ಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಾವಿನೆಲೆ, ಬಾಳೆಲೆ, ಹೂವು, ಬೆಲ್ಲ. ಮಂಗಳಮ್ಮನ ಕುಕ್ಕೆಯಲ್ಲಿ ಆರು ಕೋಸು ಇದ್ದವು. ಬಿಳಿ ಹತ್ತಿದ ಹೊರಗಿನ ಎಲೆಗಳನ್ನು ಕಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿಟ್ಟಿದ್ದಳು. ನಾನೇ ಕೊಳ್ಳುತ್ತಿದ್ದೆನೇನೋ, ಅಷ್ಟು ಚೆನ್ನಾಗಿದ್ದವು.

"ಬೇವು ಬಿಚ್ಚಿತ್ತಲ್ಲಣ್ಣ!" ಎಂದಳು ಮಂಗಳಮ್ಮ, ಅವನು ಕುಕ್ಕೆ ಎಳೆದುಕೊಳ್ಳುತ್ತಿದ್ದಂತೆ.

"ಯಾರು ಬಿಚ್ಚುದ್ರು ಅಂತ ಆಮೇಲೆ ಕೇಳ್ತೀನಿ. ಯಾರ್ಗೆ ಮಾರ್ದೆ ಅದ ಏಳು."

ಮಾರಿದ್ದು ಎರಡೇ. ಒಂದು ಮುಂದಿನ ಸಾಲಿನ ಹೂವಿನವಳಿಗೆ. ಅದು ಇನ್ನೂ ಅವಳ ಚೀಲದಲ್ಲೇ ಇತ್ತು, ಕೊಟ್ಟಳು. ಇನ್ನೊಂದು ಕೊಂಡದ್ದು ಸುಂದರೇಶರ ಅಡುಗೆಯವನು. ನಾವು ಜಟಕಾ ಹತ್ತಿ ಯಾದವಗಿರಿಗೆ ಹೋದೆವು. ದಾರಿಯುದ್ದಕ್ಕೂ ಹುಚ್ಚಣ್ಣ ಜಟಕಾದವನಿಗೆ "ಓಡ್ಸಪ್ಪ" ಎಂದು ನಾಲ್ಕು ಸಲ ಹೇಳಿದ.

ಅಡುಗೆಮನೆಯಲ್ಲಿ ಕೋಸನ್ನು ಆಗಲೇ ಹೆಚ್ಚಿ ಪಾತ್ರೆಗೆ ಹಾಕಿ ಆಗಿತ್ತು. ಸುಂದರೇಶರು ಹೊರಗೆ ಬಂದು, "ತೊಳೆದರೆ ಹೋಗುತ್ತೆ ಕಣ್ರೀ. ಇದಕ್ಕೆಲ್ಲ ಇಷ್ಟು ಗಲಾಟೆಯೇ?" ಎಂದರು. ನಾನು ನಾಲ್ಕು ಸಭ್ಯವಾದ ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಹುಚ್ಚಣ್ಣ ಅವರ ಪಕ್ಕದಲ್ಲೇ ನುಗ್ಗಿ, ಪಾತ್ರೆ ಸಮೇತ ಎತ್ತಿಕೊಂಡು ಹೊರಟುಬಿಟ್ಟ. ಸುಂದರೇಶರು ಅಂಗಳದ ತನಕ ಬಂದು ಕೂಗಾಡಿದರು. ಪಾತ್ರೆಯನ್ನು ಮರುದಿನ ನಾನೇ ಹೋಗಿ ಕೊಟ್ಟೆ, ಅವರು ಹಬ್ಬದ ದಿನವೂ ನನಗೆ ಬನ್ನಿ ಎನ್ನಲಿಲ್ಲ.

ಮಂಗಳಮ್ಮನ ತೋಟದ ಮೂಲೆಯಲ್ಲಿ ಆಳುದ್ದದ ಗುಂಡಿ ತೋಡಿ ಎಲ್ಲವನ್ನೂ ಹಾಕಿದೆವು. ಆರು, ಒಂದು, ಹೆಚ್ಚಿದ್ದು ಒಂದು. ಹುಚ್ಚಣ್ಣ ಮಣ್ಣು ಎಳೆಯಲಿಲ್ಲ, ನಿಂತುಬಿಟ್ಟ.

"ಎಂಟಾಯ್ತು. ಬೊಡ್ಡೆ ಒಂಬತ್ತವೆ. ಇನ್ನೊಂದೆಲ್ಲಿ?"

ಮಂಗಳಮ್ಮ ಅಲ್ಲೇ ಇದ್ದಳು, ಅತ್ತು ಮುಖ ಊದಿತ್ತು. "ಅದು ಮಾರಿದ್ದಲ್ಲ ಕಣಣ್ಣ, ಕೊಟ್ಟಿದ್ದು. ಬೇವು ಬಿಚ್ಚೋಕೆ ನಿಮ್ಮೆಂಡ್ರುನ್ನೇ ಕಳ್ಸಿದ್ರಲ್ಲ, ಅಬ್ಬದ ಒತ್ನಲ್ಲಿ ಬರಿಗೈಲಿ ಎಂಗೆ ಕಳ್ಸಲಿ ಅಂತ ಅವ್ರಿಗೊಂದು ಕೊಟ್ಟೆ."

ಅವನು ಕಳಿಸಿರಲಿಲ್ಲ. ಆಗಿದ್ದು ಇಷ್ಟು. ಯುಗಾದಿಯ ಹಿಂದಿನ ದಿನ ಮೈಸೂರಿನಲ್ಲಿ ಕೈಗೆಟುಕುವ ಬೇವಿನ ಮರವೆಲ್ಲ ಬೋಳಾಗುತ್ತದೆ. ಬೇವು ಬೆಲ್ಲಕ್ಕೂ ಬೇಕು, ತೋರಣಕ್ಕೂ ಬೇಕು. ಹುಚ್ಚಣ್ಣನ ಹೆಂಡತಿ ಕೆಂಚಮ್ಮ ಬೆಳಿಗ್ಗೆ ಬೇವು ಹುಡುಕುತ್ತಾ ಹೊರಟವಳು ಬೇಲಿ ಬಾಗಿಲಲ್ಲಿ ಹಸಿರು ಕಟ್ಟು ನೋಡಿದಳು. ತನ್ನ ಗಂಡನೇ ಕಟ್ಟಿದ್ದು. ನಾಲ್ಕು ಎಸಳು ಕೀಳೋಣ ಎಂದು ಕೈ ಹಾಕಿದರೆ ಗಂಟೇ ಬಿಚ್ಚಿಕೊಂಡಿತು. ಒಳಗೆ ಗಿಡಕ್ಕೆ ನೀರು ಕಟ್ಟುತ್ತಿದ್ದ ಮಂಗಳಮ್ಮ ನೋಡಿದಳು. ಗಂಡ ಬಿಚ್ಚಿದರೇನು, ಹೆಂಡತಿ ಬಿಚ್ಚಿದರೇನು ಎಂದುಕೊಂಡು ಕುಡುಗೋಲು ತಂದಳು. ಅವಳು ಕೋಸು ಕೊಯ್ದು ಕೈಗೆ ಕೊಟ್ಟಿದ್ದನ್ನು ನೋಡಿ ಕೆಂಚಮ್ಮ, ಗಡುವು ಮುಗಿದಿರಬೇಕು ಎಂದುಕೊಂಡಳು. ಇಬ್ಬರಲ್ಲಿ ಒಬ್ಬಳು ಬಾಯಿಬಿಟ್ಟು ಕೇಳಿದ್ದರೂ ಆಗಿತ್ತು. ಇಬ್ಬರಿಗೂ ಇನ್ನೊಬ್ಬಳ ಮೇಲೆ ಅಷ್ಟು ನಂಬಿಕೆ.

ಹುಚ್ಚಣ್ಣ ಮನೆಗೆ ಓಡಿದ ಓಟಕ್ಕೆ ನಾನು ಬಹಳ ಹಿಂದೆ ಬಿದ್ದೆ. ನಾನು ಹೋಗುವಷ್ಟರಲ್ಲಿ ಅವನು ಒಳಗಿದ್ದ, ಕೆಂಚಮ್ಮನ ಎರಡು ಭುಜ ಹಿಡಿದು "ತಿಂದ್ಯಾ? ತಿಂದ್ಯಾ?" ಎನ್ನುತ್ತಿದ್ದ. ಅವಳು ಹೆದರಿ, ಇಲ್ಲ ಎಂದು ತಲೆ ಅಲ್ಲಾಡಿಸುತ್ತಿದ್ದಳು. ಕೋಸು ನಾಳೆಯ ಪಲ್ಯಕ್ಕೆಂದು ಬುಟ್ಟಿಯ ಕೆಳಗೆ ಹಾಗೇ ಇತ್ತು. ನಾನು ಹೊರಗೆ ಬಂದು ಜಗುಲಿಯ ಮೇಲೆ ಕೂತೆ.

ಕೂತಾಗ ಕಣ್ಣಿಗೆ ಬಿದ್ದದ್ದು ಆಡು. ಮನೆಗೆ ಹಾಲು ಕೊಡುತ್ತಿದ್ದ ಕಂದು ಆಡು, ಗೂಟದ ಹತ್ತಿರ ಮುಂಗಾಲು ಮಡಿಸಿ ಬಾಯಿಂದ ಜೊಲ್ಲು ಸುರಿಸುತ್ತಿತ್ತು. ಮುಂದೆ ಕೋಸಿನ ಹೊರ ಎಲೆಯ ಚೂರುಗಳು. ಕೆಂಚಮ್ಮ ಪಾಪ, ಅದಕ್ಕೂ ಹಬ್ಬ ಎಂದು ಹಾಕಿದ್ದಳು.

ಅದು ಸಾಯಲು ಮೂರು ಗಂಟೆ ಹಿಡಿಯಿತು. ಹುಚ್ಚಣ್ಣ ಅದರ ಪಕ್ಕದಲ್ಲೇ ಕೂತಿದ್ದ. ಸಾವಿರಾರು ಹುಳ ಸತ್ತದ್ದನ್ನು ನೋಡಿದ್ದವನು, ಒಂದು ಜೀವ ಹೀಗೆ ಸಾಯುವುದನ್ನು ನೋಡಿರಲಿಲ್ಲ. ಹೆಂಡತಿಯನ್ನು ಬಯ್ಯುತ್ತಾನೆ ಎಂದು ನಾನು ಕಾದೆ. ಬಯ್ಯಲಿಲ್ಲ. ಕೆಂಚಮ್ಮನೇ, "ನೀವು ಕಟ್ಟಿದ್ದಲ್ವಾ, ನಮ್ದೇ ಬೇವು ಅಂದ್ಕಂಡೆ," ಎಂದಳು.

"ನಿಂದೇನು ತಪ್ಪಿಲ್ಲ ಕಣೆ," ಎಂದ ಅವನು. "ಬಿಚ್ಚೋಕಾಗೋ ಅಂಥದ್ದ ಕಟ್ಟಿದ್ದು ನಂದು."

ಯುಗಾದಿ ಕಳೆದ ಮೇಲೆ ಅವನು ಪಂಪು ಮುಟ್ಟುವುದಿಲ್ಲ ಎಂದುಕೊಂಡಿದ್ದೆ. ಮುಟ್ಟಿದ. ಬೇವು ಮಾತ್ರ ಕಟ್ಟಲಿಲ್ಲ. ಪಾಷಾಣ ಹೊಡೆದ ತೋಟದ ಬಾಗಿಲಲ್ಲಿ ಚಾಪೆ ಹಾಸಿಕೊಂಡು ತಾನೇ ಕೂತ. ಹದಿನಾಲ್ಕು ದಿನ, ಬೆಳಗಿನಿಂದ ಕತ್ತಲಾಗುವ ತನಕ. ಹೀಗೆ ಕೂತರೆ ತಿಂಗಳಿಗೆ ಎರಡೇ ತೋಟ ಆಗುತ್ತದೆ. ತೋಟದವರು ಆಡಿಕೊಂಡು ನಕ್ಕರು, ಹೆಸರಿಗೆ ತಕ್ಕ ಹಾಗೆ ಆಡುತ್ತಾನೆ ಎಂದರು. ನಾನೂ ಅಂದೆ. ಹೊಗೆಸೊಪ್ಪಿನ ಸಾರದ ಕೆಲಸಕ್ಕೆ ಇಷ್ಟು ದಿನ ಬೇಕಿಲ್ಲವಲ್ಲ, ಅದನ್ನಷ್ಟೇ ಮಾಡು ಎಂದೆ. "ಅಲ್ಲಿರೋವು ಬಂದ್ರೆ ತೋಟದವ್ರೇನು ಮಾಡ್ಬೇಕು?" ಎಂದ.

ಒಂದು ವರ್ಷ ಕಳೆದ ಮೇಲೆ ಅವನ ಕೆಲಸ ತಿಂಗಳಿಗೆ ನಾಲ್ಕು ತೋಟಕ್ಕೆ ಏರಿತು. ಹೇಗೆ ಎಂದು ನೋಡಲು ಹೋದೆ. ಒಂದು ಬಾಗಿಲಲ್ಲಿ ಹುಚ್ಚಣ್ಣ ಇದ್ದ. ಕೂಗಳತೆಯ ದೂರದ ಇನ್ನೊಂದು ಬಾಗಿಲಲ್ಲಿ ಕೆಂಚಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ನನ್ನನ್ನು ನೋಡಿ ಎದ್ದಳು, ಆದರೆ ಬಾಗಿಲು ಬಿಟ್ಟು ಬರಲಿಲ್ಲ.

ಹೀಗೆ ಹನ್ನೊಂದು ವರ್ಷ. ಆ ಹೊತ್ತಿಗೆ ಹೊಸ ಹೊಸ ಔಷಧಿಗಳು ಬಂದವು, ಹಲ್ಲಿರುವವಕ್ಕೂ ಹಲ್ಲಿಲ್ಲದವಕ್ಕೂ ಒಂದೇ ಡಬ್ಬಿ, ಬೇಗ ಹೊಡೆದು ಬೇಗ ಹೋಗುವ ಹುಡುಗರು. ಆ ಡಬ್ಬಿಗಳನ್ನೆಲ್ಲ ನಾನೇ ಮಾರಿದೆ. ಎಷ್ಟು ದಿನ ಕಾಯಬೇಕು ಎಂದು ಪ್ರತಿಯೊಬ್ಬರಿಗೂ ಹೇಳುತ್ತೇನೆ. ಅವರು ಕಾದರೋ ಇಲ್ಲವೋ ಎಂದು ಒಂದು ದಿನವೂ ಎದ್ದು ಹೋಗಿ ನೋಡಿಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಅರವತ್ತನಾಲ್ಕರ ಚಳಿಗಾಲದಲ್ಲಿ ಹುಚ್ಚಣ್ಣ ತೀರಿಕೊಂಡ, ಎದೆಯ ಕಾಯಿಲೆ. ತಿಂಗಳು ಕಳೆದ ಮೇಲೆ ಕೆಂಚಮ್ಮ ಆ ಹಿತ್ತಾಳೆ ಪಂಪನ್ನು ಹುಣಿಸೆಹಣ್ಣು ಹಾಕಿ ಬೆಳಗಿ, ತಂದು ನನ್ನ ಮೇಜಿನ ಮೇಲಿಟ್ಟಳು.

"ಯಾರ್ಗಾದ್ರೂ ಕೊಟ್ಬುಡಿ ಅಯ್ನೋರೆ. ದುಡ್ಡೇನ್ ಬ್ಯಾಡ. ಬಾಗ್ಲಲ್ಲಿ ಕೂರೋನಿಗೆ ಕೊಡಿ."

ಬಹಳ ಜನ ಕೇಳಿದರು, ಹಳೆಯ ಕಾಲದ ಗಟ್ಟಿ ಮಾಲು. ಕೂರುತ್ತೀಯಾ ಎಂದು ಪ್ರತಿಯೊಬ್ಬನನ್ನೂ ಕೇಳಿದೆ. ಪಂಪು ಇನ್ನೂ ನನ್ನ ಅಂಗಡಿಯಲ್ಲೇ, ನಾನು ಕೂರುವ ಕುರ್ಚಿಯ ಹಿಂದಿನ ಮೊಳೆಯಲ್ಲಿದೆ.