ತದಡಿಯಲ್ಲಿ ಚೆಲ್ಲಿದ ನೀರು

ನಿನ್ನೆ ಮೊಮ್ಮಗಳು ಪ್ರವಾಸಕ್ಕೆಂದು ನೀರಿನ ಬಾಟಲಿಗಳನ್ನು ಕಾರಿಗೆ ತುಂಬುತ್ತಿದ್ದಳು. ನೋಡುತ್ತ ಕೂತ ನನಗೆ ಸೀಮೆಎಣ್ಣೆಯ ವಾಸನೆ ಬಂದಂತಾಯಿತು. ಸೀಮೆಎಣ್ಣೆ ನಮ್ಮ ಮನೆ ಬಿಟ್ಟು ಎಷ್ಟೋ ವರ್ಷವಾಯಿತು; ಆ ವಾಸನೆ ನನ್ನೊಳಗಿನದು. ನಿಮ್ಮ ಹತ್ತಿರ ಮುಚ್ಚುಮರೆ ಏಕೆ, ಹೇಳಿಬಿಡುತ್ತೇನೆ.

ಎಂಬತ್ತರ ದಶಕದ ಮೊದಲಲ್ಲಿ ನನ್ನದೊಂದು ಮೆಟಡೋರ್ ಇತ್ತು. ಅಕ್ಕನನ್ನೂ ಮಗಳನ್ನೂ ಕರೆದುಕೊಂಡು ಹೊನ್ನಾಳಿಯಿಂದ ಗೋಕರ್ಣಕ್ಕೆ ಹೊರಟಾಗ ಅದರ ಸೀಟು ಕಿತ್ತು, ಜಮಖಾನ ಹಾಸಿ, ಮೂಲೆಯಲ್ಲಿ ಸ್ಟೌ ಕೂರಿಸಿದೆ. "ಮನೆಗೇ ಗಾಲಿ ಹಾಕೀರಲ್ರೀ, ಬಚ್ಚಲು ಎಲ್ಲೈತೆ?" ಎಂದು ಪಕ್ಕದ ಮನೆಯವರು ನಕ್ಕರು. ಹೊರಗಿನ ನೀರು ಮುಟ್ಟಬಾರದೆಂಬ ಹಟ ನನ್ನದು. ಹಾಗಾಗಿ ಒಂದು ಹಂಡೆ ತುಂಗಭದ್ರೆಯ ನೀರನ್ನೂ ಹೇರಿಕೊಂಡೆ. ಎಸ್ಸೆಸ್ಸೆಲ್ಸಿ ಪಾಸಾದವನ ಬುದ್ಧಿ ನೋಡಿ, ಬಟ್ಟೆ ಕಟ್ಟಿದ ಆ ಹಂಡೆಯ ಪಕ್ಕದಲ್ಲೇ ಸೀಮೆಎಣ್ಣೆ ಡಬ್ಬಿ ಇಟ್ಟಿದ್ದೆ. ಘಾಟಿಯ ತಿರುವಿನಲ್ಲಿ ಡಬ್ಬಿ ಹಂಡೆಯ ಮೇಲೆ ಉರುಳಿತ್ತು.

ಗೋಕರ್ಣ ಸಮೀಪಿಸಿದಾಗ ನನ್ನ ಅಕ್ಕ ದೋಣಿ ನೋಡಬೇಕೆಂದಳು. ತದಡಿಯ ಸಣ್ಣ ಬಂದರಿನಲ್ಲಿ ನಿಲ್ಲಿಸಿದೆ. ಬಿಸಿಲಿಗೆ ಬಾಯಾರಿ ಐದು ವರ್ಷದ ನನ್ನ ಮಗಳು ಅಳತೊಡಗಿದಳು. ಹಂಡೆಯ ಬಟ್ಟೆ ಬಿಚ್ಚಿದರೆ ಗಪ್ಪನೆ ಸೀಮೆಎಣ್ಣೆಯ ವಾಸನೆ.

ಅಲ್ಲೇ ಮೀನು ಮಾರುತ್ತಿದ್ದ ಹೆಂಗಸೊಬ್ಬಳು ಬುಟ್ಟಿ ಬಿಟ್ಟು ಎದ್ದುಹೋಗಿ, ಬಹಳ ಹೊತ್ತಿನ ಮೇಲೆ ಒಂದು ಕೊಡ ನೀರು ಹೊತ್ತು ತಂದಳು. ನಾನು ಬೇಡವೆನ್ನುವಷ್ಟರಲ್ಲಿ ಅಕ್ಕ ಮಗುವಿಗೆ ಕುಡಿಸಿದ್ದಳು. ನಾನು ಕೊಡ ಕಿತ್ತುಕೊಂಡು, ಉಳಿದ ನೀರನ್ನು ಆ ಹೆಂಗಸಿನ ಕಣ್ಣೆದುರಿಗೇ ಮರಳಿಗೆ ಸುರಿದೆ. ಆಗ ನನ್ನ ಬಾಯಿಂದ ಬಂದ ಮಾತನ್ನು ಇಲ್ಲಿ ಬರೆಯಲಾರೆ.

ಆಕೆ ಬೈಯಲಿಲ್ಲ. "ಕೊಡ ಕೊಡಿ. ಬಾವಿ ದೂರ ಅದೆ" ಎಂದಳು, ಅಷ್ಟೆ.

ಅಕ್ಕ ಕೊಡವನ್ನು ತನ್ನ ಸೊಂಟಕ್ಕಿಟ್ಟುಕೊಂಡು ಆಕೆಯ ಜೊತೆ ನಡೆದುಬಿಟ್ಟಳು. ನಾನು ಹಾರನ್ ಒತ್ತಿದೆ, ಒತ್ತುತ್ತಲೇ ಇದ್ದೆ. ಅವಳು ತಿರುಗಿ ನೋಡಲಿಲ್ಲ. ಗಂಟೆ ಕಳೆದು ಬಂದಾಗ ಅವಳ ಸೆರಗು ತೊಯ್ದಿತ್ತು.

ಊರಿಗೆ ಬಂದ ಮೇಲೆ ನಾನು ಬೇರೆಯೇ ಕಥೆ ಕಟ್ಟಿದೆ. ಅಕ್ಕ ಸಮುದ್ರ ನೋಡುತ್ತ ದಾರಿ ತಪ್ಪಿದಳು, ಹಾರನ್ ಹೊಡೆದು ಕರೆಸಬೇಕಾಯಿತು ಎಂದು. ಮದುವೆ, ಹಬ್ಬ, ಎಲ್ಲಿ ಸೇರಿದರೂ ಅದನ್ನು ಹೇಳಿ ನಗಿಸುತ್ತಿದ್ದೆ. ಅಕ್ಕ ಒಂದು ದಿನವೂ ತಿದ್ದಲಿಲ್ಲ. ನಿನ್ನೆ ಮೊಮ್ಮಗಳೂ ಅದೇ ಕಥೆ ಹೇಳೆಂದು ಕೇಳಿದಳು. ನಾನು ಎದ್ದು ಒಳಗೆ ಹೋಗಿಬಿಟ್ಟೆ.

ಇವತ್ತು ಬೆಳಿಗ್ಗೆ ಬಸ್ಸು ಹಿಡಿದು ನ್ಯಾಮತಿಯ ಅಕ್ಕನ ಮನೆಗೆ ಬಂದೆ. ತಪ್ಪಾಯಿತೆಂದೆ. ಅವರೆಕಾಯಿ ಸುಲಿಯುತ್ತಿದ್ದ ಅವಳ ಕೈ ನಿಂತಿತು.

"ದಾರೀಲಿ ಆಕೆ ಹೆಸರು ಕೇಳ್ಕಂಡಿದ್ದೆ ಕಣೋ. ಮನೆಗೆ ಬಂದು ನಾಕು ಜನಕ್ಕೆ ಹೇಳಿದ್ದಿದ್ರೆ ನೆನಪಿರ್ತಿತ್ತು. ನೀನು ಹೇಳಾಕೆ ಎಲ್ಲಿ ಬಿಟ್ಟೆ?"

ನಾನೂ ಕಾಯಿ ಸುಲಿಯುತ್ತ ಪಕ್ಕದಲ್ಲಿ ಕೂತೆ. ನಾಗಮ್ಮನೇ? ತುಳಸಿಯೇ? ಗಂಗೆಯೇ? ನಾನು ಒಂದೊಂದೇ ಹೆಸರು ಹೇಳುತ್ತ ಹೋದೆ. ಅಕ್ಕ ಪ್ರತಿಯೊಂದಕ್ಕೂ ಸ್ವಲ್ಪ ಯೋಚಿಸಿ, ಅಲ್ಲವೆಂದು ತಲೆಯಾಡಿಸುತ್ತಿದ್ದಳು.