ಗೋಪಾಲಪ್ಪನ ಕಿವಿ ಬೆಟ್ಟ ಹತ್ತಿದ್ದು

ಪೀಣ್ಯ ಎರಡನೇ ಹಂತದ ಮೋಟಾರುಗಳೆಲ್ಲ ಒಬ್ಬ ಮನುಷ್ಯನಿಗೆ ಹೆದರುತ್ತಿದ್ದವು ಎಂದರೆ ಈಗಿನವರು ನಂಬಲಿಕ್ಕಿಲ್ಲ. ಆತ ಗೋಪಾಲಪ್ಪ, ಮೋಟಾರು ಕಾರ್ಖಾನೆಯೊಂದರ ತಪಾಸಣೆಗಾರ. ಅವನ ಆಯುಧ ಮೊಳದುದ್ದದ ಸ್ಕ್ರೂಡ್ರೈವರ್. ಅದರ ಮೊನೆಯನ್ನು ತಿರುಗುವ ಮೋಟಾರಿನ ಬೇರಿಂಗಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿದನೆಂದರೆ ಒಳಗಿನ ಗುಂಡುಗಳು ತಮ್ಮ ಪಾಪಗಳನ್ನು ತಾವೇ ಒಪ್ಪಿಕೊಳ್ಳುತ್ತಿದ್ದವು. ಬೀಗರ ಮನೆಯ ಗ್ರೈಂಡರಿಗೂ ಅದನ್ನು ಚುಚ್ಚಿ, “ಇನ್ನು ಹದಿನೈದು ದಿನ” ಎಂದು ಆಯುಷ್ಯ ಬರೆದಿದ್ದ. ಹದಿನಾಲ್ಕನೇ ದಿನ ಅದು ಸತ್ತಿತು. ಆ ಒಂದು ದಿನದ ತಪ್ಪನ್ನು ಗೋಪಾಲಪ್ಪ ಬೀಗರ ಇಡ್ಲಿ ಹಿಟ್ಟಿನ ತಲೆಗೆ ಕಟ್ಟಿದ.

ಇಂಥ ವೀರ 1996ರಲ್ಲಿ ಸೋತ. ಅವನು ಸೈ ಎಂದ ಮೋಟಾರು ಮೂರೇ ದಿನಕ್ಕೆ ಬೇರಿಂಗ್ ಕಚ್ಚಿಕೊಂಡು ನಿಂತು ವಾಪಸು ಬಂತು. ಸೋಮವಾರ ಕಿವಿ ಪರೀಕ್ಷೆ ಎಂದು ಸಾಹೇಬರು ಚೀಟಿ ಬರೆದರು. ಫೇಲಾದರೆ ಪ್ಯಾಕಿಂಗ್ ವಿಭಾಗದಲ್ಲಿ ಮೊಳೆ ಹೊಡೆಯುವ ಕೆಲಸ. ಇದು ಗೊತ್ತಿದ್ದುದು ಹೆಂಡತಿ ಭಾಗ್ಯಮ್ಮನಿಗೆ ಮಾತ್ರ.

ಅದರ ಹಿಂದಿನ ದಿನವೇ ಕಾರ್ಖಾನೆಯವರ ಪ್ರವಾಸದ ಬಸ್ಸು ಜಿಗಣಿಯಾಚೆಯ ಬೆಟ್ಟವೊಂದಕ್ಕೆ ಹೋಯಿತು. ಮೇಲೆ ಪುಟ್ಟ ಬೌದ್ಧ ಗುಡಿ. ಮೆಟ್ಟಿಲ ಬುಡದಲ್ಲಿ ಭಾಗ್ಯಮ್ಮ ಗಂಡನ ಜೇಬು ನೋಡಿದಳು.

“ದೇವಸ್ಥಾನಕ್ಕೂ ಅದ್ಯಾಕ್ರೀ? ಇಡಿ ಇಲ್ಲಿ.”

ಪಾಂಡವರು ಬನ್ನಿ ಮರದಲ್ಲಿ ಆಯುಧ ಬಚ್ಚಿಟ್ಟಂತೆ ಗೋಪಾಲಪ್ಪ ಸ್ಕ್ರೂಡ್ರೈವರನ್ನು ತನ್ನ ಬೂಟಿನೊಳಗಿಟ್ಟು ಬರಿಗಾಲಲ್ಲಿ ಹತ್ತಿದ.

ಬೈಲುಕುಪ್ಪೆಯಲ್ಲಿ ಕನ್ನಡ ಕಲಿತಿದ್ದ ಭಿಕ್ಷು ಬಾಗಿಲಲ್ಲಿ ನಿಂತಿದ್ದರು. ಹೊರಗೋಡೆಯ ಉದ್ದಕ್ಕೂ ಹನ್ನೆರಡು ಹಿತ್ತಾಳೆಯ ಪ್ರಾರ್ಥನಾ ಚಕ್ರ. “ಬಲಗೈಲಿ, ಬಲಕ್ಕೇ ತಿರುಗಿಸಿ,” ಎಂದರು.

“ಬೋಲ್ಟ್ ಬಿಗಿಯೋ ದಿಕ್ಕು. ಸರಿಯಾಗೇ ಇದೆ,” ಎಂದು ಗೋಪಾಲಪ್ಪ ಗೆಳೆಯ ಹನುಮಯ್ಯನಿಗೆ ಹೇಳಿ, ಒಂದೊಂದನ್ನೂ ಭಕ್ತಿಯಿಂದ ತಿರುಗಿಸಿದ. ಬಸ್ಸಿನವರ ಗದ್ದಲದಲ್ಲಿ ಏನೂ ಕೇಳಿಸಲಿಲ್ಲ.

ಒಳಗೆ ಎಲ್ಲರೂ ಕಾಲು ಮಡಚಿ ಕೂತರು. ಧೂಪದ ಹೊಗೆ ಬುದ್ಧನ ಮೊಣಕಾಲು ದಾಟಿ ಮೇಲೇರಿತು. ಕಿಟಕಿಯಿಂದ ಮೋಡದ ತುಣುಕೊಂದು ಚೀಟಿಯಿಲ್ಲದೆ ಬಂದ ಸಂದರ್ಶಕನಂತೆ ಇಣುಕಿ ಹೋಯಿತು. ಗೋಪಾಲಪ್ಪ ಕಣ್ಣು ಮುಚ್ಚಿದ. ಇಪ್ಪತ್ತೆರಡು ವರ್ಷಗಳಿಂದ ತಲೆಯೊಳಗೆ ತಿರುಗುತ್ತಿದ್ದ ಪೀಣ್ಯ ಒಂದೊಂದೇ ಯಂತ್ರವಾಗಿ ನಿಂತಿತು. ಮೊದಲು ಲೇತುಗಳು, ಆಮೇಲೆ ಪ್ರೆಸ್ಸುಗಳು, ಕೊನೆಗೆ ಪಾಳಿಯ ಸೈರನ್. ಉಳಿದದ್ದು ಹತ್ತಿಯಂಥ ಮೌನ. ಮೌನವೋ, ಕಿವುಡೋ?

ಆಗ ಹೊರಗೆ ಯಾರೋ ಅಜ್ಜಿ ಚಕ್ರ ತಿರುಗಿಸುತ್ತ ನಡೆದಳು. ಸರ್ರ್, ಸರ್ರ್... ಒಂಬತ್ತನೆಯದರಲ್ಲಿ ಇರುವೆ ಸೀನಿದಷ್ಟು ಸಣ್ಣಗೆ, ಕಿಂಯ್. ಅಜ್ಜಿ ಇನ್ನೊಂದು ಸುತ್ತು ಬಂದಳು. ಎಂಟು ಸರ್ರ್, ಮತ್ತೆ ಕಿಂಯ್.

“ಕೇಳಿಸ್ತೇನೋ?” ಪಿಸುಗುಟ್ಟಿದ.

“ಏನ್ ಗುರು? ನಂಗೆ ಹೊಟ್ಟೆ ಹಸಿವು ಬಿಟ್ರೆ ಏನೂ ಕೇಳ್ತಿಲ್ಲ,” ಎಂದ ಹನುಮಯ್ಯ.

ಗೋಪಾಲಪ್ಪನ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಬಸ್ಸಿಗೆ ಬಸ್ಸೇ ಬೆರಗಾಗಿ ನೋಡಿತು. ಭಾಗ್ಯಮ್ಮ ಅವನ ಮುಖ ನೋಡಿ, ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಭಿಕ್ಷು ಮೆಲ್ಲನೆ ಬಂದು ಪಕ್ಕದಲ್ಲಿ ಕೂತರು.

“ಈ ಮೌನದಲ್ಲಿ ನಿಮಗೇನೋ ಸಿಕ್ಕಿದೆ. ಏನದು?”

ಗೋಪಾಲಪ್ಪ ಕಣ್ಣೊರೆಸಿಕೊಂಡು ಕೈ ಮುಗಿದ.

“ಒಂಬತ್ತನೇ ಚಕ್ರದ ಬುಷ್ಷು ಒಣಗಿದೆ, ಸ್ವಾಮಿ. ಚೂರು ಗ್ರೀಸ್ ಹಾಕ್ಸಿ.”