ಫ್ರಾಸ್ಟ್ ಬೀಳಬೇಕು, ರತ್ನಾ

ಇಂಗ್ಲಿಷರ ನಾಡಿನ ಆ ಇಡೀ ಕ್ರೋಯ್ಡನ್ನಿನಲ್ಲಿ ರತ್ನವ್ವನಿಗೆ ಇದ್ದವಳು ಒಬ್ಬಳೇ ಗೆಳತಿ, ಅದೂ ಇಟಲಿಯ ಮುದುಕಿ ಲೂಚಿಯಾ. ಗಂಡ ಮಲ್ಲಪ್ಪ ತೀರಿಕೊಂಡ ಮೇಲೆ ರತ್ನವ್ವ ಬೆಳಗ್ಗೆ ಆಫೀಸುಗಳ ಕಸಗುಡಿಸುವ ಕೆಲಸ ಮುಗಿಸಿ, ಟ್ರ್ಯಾಮ್ ಹತ್ತಿ, ತರಕಾರಿ ಬೆಳೆಯಲೆಂದು ಊರಿನ ಕೌನ್ಸಿಲ್ ಅವನಿಗೆ ಕೊಟ್ಟಿದ್ದ ತುಂಡು ತೋಟಕ್ಕೆ ಬಂದುಬಿಡುತ್ತಿದ್ದಳು. ಖಾಲಿ ಫ್ಲ್ಯಾಟಿಗೆ ಹೋಗಿ ಮಾಡುವುದಾದರೂ ಏನಿತ್ತು? ಪಕ್ಕದ ತುಂಡು ಲೂಚಿಯಾಳದು. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ. ಮಾತೆಲ್ಲ ಕೈಸನ್ನೆಯಲ್ಲೇ ನಡೆಯುತ್ತಿತ್ತು, ಜಗಳ ಕೂಡ.

ಒಂದು ಚಳಿಗಾಲ ಲೂಚಿಯಾ ಕೆಂಪು ಎಲೆಯೊಂದನ್ನು ಹರಿದು ಇವಳ ಬಾಯಿಗಿಟ್ಟಳು. ರಾಡಿಕ್ಯೋ ಅಂತೆ, ಪುಟ್ಟ ಕೋಸಿನ ಹಾಗೆ ಸುತ್ತಿಕೊಳ್ಳುವ ಸೊಪ್ಪು. ಕರುಮ್ ಎಂದು ಕಡಿದದ್ದೇ ತಡ, ರತ್ನವ್ವನ ಕಣ್ಣು ತುಂಬಿತು. "ಅಯ್ಯ ಶಿವನ, ಇದು ನಮ್ಮ ಹಕ್ಕರಕಿ ಅಲ್ಲೇನಽ!" ವಿಜಯಪುರದ ಕಡೆ ರೊಟ್ಟಿಯ ಜೊತೆ ಹಸಿಯಾಗೇ ತಿನ್ನುವ ಕಹಿ ಸೊಪ್ಪು ಅದು. ಲೂಚಿಯಾ ಬೀಜ ಕೊಟ್ಟಳು. ಮುಂದಿನ ಚಳಿಗಾಲ ಮುಗಿದರೆ ಲೂಚಿಯಾಳ ಮಗ ಅವಳನ್ನು ದೂರದ ಲೀಡ್ಸ್‌ಗೆ, ತನ್ನ ಮನೆಗೆ ಕರೆದೊಯ್ಯುವವನಿದ್ದ. ಅಷ್ಟರೊಳಗೆ ತಾನು ಬೆಳೆದ ಸೊಪ್ಪು, ತಾನು ಬಡಿದ ರೊಟ್ಟಿ ಅವಳಿಗೆ ಉಣಿಸಬೇಕೆಂದು ರತ್ನವ್ವ ಹಟ ತೊಟ್ಟಳು.

"ಜುಲೈ, ರತ್ನಾ! ದೆನ್ ಫ್ರಾಸ್ಟ್!" ಅಂದಿದ್ದಳು ಲೂಚಿಯಾ. ಜುಲೈಯಲ್ಲಿ ಬಿತ್ತಬೇಕು, ಆಮೇಲೆ ಇಬ್ಬನಿ ಹೆಪ್ಪುಗಟ್ಟಿ ಬಿದ್ದರೇನೇ ಎಲೆ ಕೆಂಪೇರಿ ಕಹಿ ಇಳಿಯುವುದು ಎಂಬುದು ಅವಳ ಪಾಠ. ಕೇಳಬೇಕಲ್ಲ ನಮ್ಮ ರತ್ನವ್ವ! ಒಕ್ಕಲಿಗನ ಮಗಳು, ಅಪ್ಪ ರೋಹಿಣಿ ಮಳೆಗೆ ಬಿತ್ತುತ್ತಿದ್ದ. ತಂಗಿಗೆ ಫೋನ್ ಮಾಡಿ ಪಂಚಾಂಗ ನೋಡಿಸಿ, ಮೇ ತಿಂಗಳ ಕೊನೆಗೇ ಬಿತ್ತಿಬಿಟ್ಟಳು. ಇಲ್ಲಿನ ಬೇಸಿಗೆಯ ಹಗಲು ಮುಗಿಯುವುದೇ ಇಲ್ಲ. ಗಿಡ ಸುತ್ತಿಕೊಳ್ಳದೆ ಸೊಂಟದುದ್ದ ಎದ್ದು ನೀಲಿ ಹೂ ಬಿಟ್ಟು ಕೂತಿತು. ಲೂಚಿಯಾ ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ರತ್ನವ್ವನ ಮುಖ ನೋಡಿ ನಗು ನಿಲ್ಲಿಸಿದಳು. ಮತ್ತೆ ಬಿತ್ತೋಣವೆಂದರೆ ಬೀಜ ಉಳಿದಿರಲಿಲ್ಲ. ಮಾರ್ಚಿನಲ್ಲಿ ಮಗ ಬಂದು ಕರೆದುಕೊಂಡು ಹೋದ. ಹೋಗುವಾಗ ಮುದುಕಿ ಹೊಸ ಬೀಜದ ಪೊಟ್ಟಣವನ್ನೂ ಫೋನ್ ನಂಬರನ್ನೂ ಇವಳ ಕೈಗೆ ತುರುಕಿದಳು.

ಆ ವರ್ಷ ರತ್ನವ್ವ ಜುಲೈವರೆಗೂ ಹಲ್ಲು ಕಚ್ಚಿ ಕಾದು ಬಿತ್ತಿದಳು. ನವೆಂಬರಿನ ಒಂದು ಬೆಳಗ್ಗೆ ತೋಟದ ತುಂಬ ಉಪ್ಪು ಚೆಲ್ಲಿದ ಹಾಗೆ ಬಿಳಿ, ನಡುವೆ ಕೆಂಪಗೆ ರಾಡಿಕ್ಯೋ. ಲೂಚಿಯಾಳ ಪಾತಿಯಲ್ಲಿ ಬರೀ ಕಳೆ. ಎಷ್ಟು ಒಂಟಿ ಅನ್ನಿಸಿತೆಂದರೆ, ರತ್ನವ್ವ ಅಲ್ಲೇ ನಿಂತು ಫೋನ್ ಹಚ್ಚಿದಳು.

"ರತ್ನಾ?"

"ಲೂಚಿಯಾ!"

ಮುಂದೆ? ಫೋನಿನಲ್ಲಿ ಕೈಸನ್ನೆ ಕಾಣುವುದೆಲ್ಲಿಂದ?

"ಫ್ರಾಸ್ಟ್?" ಎಂದಳು ಲೂಚಿಯಾ ಕೊನೆಗೆ.

"ಹೂಂ, ಫ್ರಾಸ್ಟ್."

ರತ್ನವ್ವ ಒಂದು ಎಲೆ ಕಿತ್ತು, ಫೋನನ್ನು ಕೆನ್ನೆಗೆ ಒತ್ತಿಕೊಂಡು, ಆಕೆಗೆ ಕೇಳುವ ಹಾಗೆ ಕರುಮ್ ಎಂದು ಕಡಿದಳು. ಆ ಕಡೆಯಿಂದ ನಗು ಬಂತು, ಆಮೇಲೆ ಅಳು. ಮುದುಕಿ ಇನ್ನೊಮ್ಮೆ ಅಂದಳು, "ಫ್ರಾಸ್ಟ್?"

ರತ್ನವ್ವ ಇನ್ನೊಂದು ಎಲೆ ಕಿತ್ತಳು.